ಒಂದೇ ಸಂಖ್ಯೆಗೆ ಸಹಿ ಹಾಕಬೇಡಿ: ನದಿಯ ಹರಿವಿನ ಲೆಕ್ಕ ಒಪ್ಪುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಅಣೆಕಟ್ಟೆಯದಾಗಲಿ, ಕಾಲುವೆಯದಾಗಲಿ, ನಗರದ ಕುಡಿಯುವ ನೀರಿನದಾಗಲಿ, ಯೋಜನೆಯ ಕಡತ ನಿಮ್ಮ ಮೇಜಿಗೆ ಬಂದಾಗ ಅದರೊಳಗೆ ಎಲ್ಲೋ ಒಂದು ಸಾಲು ಇರುತ್ತದೆ: ‘ಈ ಸ್ಥಳದಲ್ಲಿ ನದಿಯ ವಾರ್ಷಿಕ ಹರಿವು ಇಂತಿಷ್ಟು.’ ಕಾಮಗಾರಿಯ ವೆಚ್ಚ, ಕಾಲುವೆಯ ಅಗಲ, ಗುತ್ತಿಗೆಯ ಷರತ್ತುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಈ ಸಾಲಿನ ಮೇಲೆ ಮಾತ್ರ ಯಾರೂ ಬೆರಳಿಡುವುದಿಲ್ಲ. ಉಳಿದದ್ದೆಲ್ಲ ನಿಂತಿರುವುದು ಅದರ ಮೇಲೆಯೇ.

ಆ ಸಂಖ್ಯೆಯನ್ನು ಯಾರೂ ಹೊಳೆಯಿಂದ ನೇರವಾಗಿ ಅಳೆದು ತಂದಿರುವುದಿಲ್ಲ. ಮಟ್ಟದಿಂದ ಹರಿವಿಗೆ, ಬಿಟ್ಟುಹೋದ ದಿನಗಳಿಂದ ತುಂಬಿದ ದಿನಗಳಿಗೆ, ಹಿಂದಿನ ವರ್ಷಗಳಿಂದ ಮುಂದಿನ ವರ್ಷಗಳಿಗೆ, ಹೀಗೆ ಅಂದಾಜಿನ ಮೇಲೆ ಅಂದಾಜು ಕೂತು ಹುಟ್ಟಿದ ಸಂಖ್ಯೆ ಅದು. ಅಂದಾಜು ಮಾಡುವುದರಲ್ಲಿ ತಪ್ಪೇನೂ ಇಲ್ಲ, ಬೇರೆ ದಾರಿಯೂ ಇಲ್ಲ. ತಪ್ಪಿರುವುದು ಪ್ರತಿ ಮೆಟ್ಟಿಲಲ್ಲೂ ಕೂಡಿಕೊಂಡ ಅನಿಶ್ಚಿತತೆಯನ್ನು ಕೊನೆಯ ಪುಟದಲ್ಲಿ ಅಳಿಸಿಹಾಕುವುದರಲ್ಲಿ. ನಮ್ಮ ಬೇಡಿಕೆ ಇಷ್ಟೇ: ಹರಿವಿನ ಅಂದಾಜನ್ನು ಅದರ ಹರವಿನೊಂದಿಗೆ, ಎಂದರೆ ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಇರಬಹುದೆಂಬ ಅಂತರದೊಂದಿಗೆ, ಕೇಳಿ ಪಡೆಯಿರಿ. ಹರಿವನ್ನು ಲೆಕ್ಕಹಾಕುವ ಗಣಿತದ ಮಾದರಿಯು ಹಿಂದೆಂದೂ ಕಾಣದ ಬರದ ವರ್ಷಗಳ ಮೇಲೆ ಅದನ್ನು ಪರೀಕ್ಷಿಸಿದ ಫಲಿತಾಂಶವನ್ನೂ ನೋಡಿ. ಆಮೇಲೆ ಸಹಿ ಹಾಕಿ.

ಅಳತೆಯಿಂದಲೇ ಶುರು ಮಾಡೋಣ. ಅನೇಕ ಜಲಮಾಪನ ಕೇಂದ್ರಗಳಲ್ಲಿ ದಿನವೂ ದಾಖಲಾಗುವುದು ನೀರಿನ ಮಟ್ಟ ಮಾತ್ರ. ಅಲ್ಲಿ ಹರಿವನ್ನು ನೇರವಾಗಿ ಅಳೆಯುವುದು ವರ್ಷಕ್ಕೆ ಕೆಲವೇ ಬಾರಿ. ನದಿಯ ಅಡ್ಡಕೊಯ್ತವನ್ನು ಇಪ್ಪತ್ತು–ಇಪ್ಪತ್ತೈದು ಲಂಬ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ, ನೀರು ಆಳವಾಗಿದ್ದರೆ 0.2 ಮತ್ತು 0.8 ಭಾಗಗಳಲ್ಲಿ, ಕರೆಂಟ್ ಮೀಟರ್ (ನೀರಿನ ಸೆಳೆತದ ಮಾಪಕ) ಇಳಿಸಿ ನೀರಿನ ವೇಗ ಅಳೆಯುತ್ತಾರೆ. ಈಗ ದೋಣಿಗೆ ಕಟ್ಟಿ ಎಳೆಯುವ, ಶಬ್ದತರಂಗಗಳಿಂದ ವೇಗ ಅಳೆಯುವ ಅಕೌಸ್ಟಿಕ್ ಡಾಪ್ಲರ್ ಉಪಕರಣಗಳೂ ಬಂದಿವೆ. ಹೀಗೆ ಸಿಕ್ಕ ಬಿಂದುಗಳ ನಡುವೆ ಎಳೆದ ಗೆರೆಯೇ ರೇಟಿಂಗ್ ಕರ್ವ್. ದಿನದಿನದ ಮಟ್ಟವನ್ನು ಆ ಗೆರೆಗೆ ಹಿಡಿದು ಹರಿವನ್ನು ಓದಿಕೊಳ್ಳುತ್ತಾರೆ. ಶೂನ್ಯ ಹರಿವಿನ ಮಟ್ಟದಿಂದ ನೀರು ಎಷ್ಟು ಎತ್ತರದಲ್ಲಿದೆಯೋ ಅದರ ಒಂದು ಘಾತಕ್ಕೆ ಹರಿವು ಸಮಾನುಪಾತದಲ್ಲಿರುತ್ತದೆ, ಘಾತಾಂಕ ಹೆಚ್ಚಾಗಿ 1.5ರಿಂದ 2.5ರ ಆಸುಪಾಸು.

ಈ ಘಾತವೇ ಕಷ್ಟದ ಮೂಲ. ಘಾತಾಂಕ 2, ನೀರಿನ ಎತ್ತರ 50 ಸೆಂಟಿಮೀಟರ್ ಎಂದುಕೊಳ್ಳಿ. ನಿಯಂತ್ರಣ ಅಡ್ಡಕೊಯ್ತದ, ಎಂದರೆ ಅಲ್ಲಿನ ನೀರಿನ ಮಟ್ಟವನ್ನು ನಿರ್ಧರಿಸುವ ಜಾಗದ, ತಳದಲ್ಲಿ 5 ಸೆಂಟಿಮೀಟರ್ ಮರಳು ಕೂತರೆ ಮಟ್ಟ ಅಳೆಯುವ ಗೇಜು 55 ಎಂದು ಓದುತ್ತದೆ. ಹಳೆಯ ಗೆರೆ ಹರಿವನ್ನು ಶೇ 21ರಷ್ಟು ಹೆಚ್ಚಿಸಿ ತೋರಿಸುತ್ತದೆ, ಹೊಳೆಯಲ್ಲಿ ಒಂದು ಚೊಂಬು ನೀರೂ ಹೆಚ್ಚದಿದ್ದರೂ. ಮರಳು ತೆಗೆದು ತಳ ಕುಸಿದರೆ ಇದೇ ತಪ್ಪು ತಿರುಗಿ ಬೀಳುತ್ತದೆ. ನೀರು ಕಡಿಮೆ ಇರುವ ತಿಂಗಳುಗಳಲ್ಲಿ, ಅಂದರೆ ಪ್ರತಿ ಹನಿಯ ಹಂಚಿಕೆಗೂ ಜಗಳ ಏಳುವ ತಿಂಗಳುಗಳಲ್ಲಿ, ಈ ತಪ್ಪಿನ ಪ್ರಮಾಣ ಅತಿ ಹೆಚ್ಚು. ಇನ್ನು ನೆರೆಯ ತುದಿಯಲ್ಲಿ ಗೆರೆಯನ್ನು ಅಳತೆಯ ಬಿಂದುಗಳಾಚೆಗೆ ಸುಮ್ಮನೆ ಚಾಚಿರುತ್ತಾರೆ, ಪ್ರವಾಹದ ನಡುವೆ ಯಾರೂ ಮೀಟರ್ ಇಳಿಸಿರುವುದಿಲ್ಲ. ಹಾಗಾಗಿ ಈ ಪ್ರಶ್ನೆ ಕೇಳಿ: ನೇರವಾಗಿ ಅಳೆದ ಅತಿ ಹೆಚ್ಚಿನ ಹರಿವು ಎಷ್ಟು, ವರ್ಷದ ಒಟ್ಟು ನೀರಿನಲ್ಲಿ ಎಷ್ಟು ಪಾಲು ಅದರ ಮೇಲಿನ ಭಾಗದಲ್ಲಿದೆ? ಮಳೆಗಾಲದ ಕೆಲವೇ ವಾರಗಳಲ್ಲಿ ವರ್ಷದ ನೀರೆಲ್ಲ ಹರಿದುಹೋಗುವ ನದಿಗಳಲ್ಲಿ ಉತ್ತರ ಗಾಬರಿ ಹುಟ್ಟಿಸುವಂತಿರುತ್ತದೆ.

ಸರಳವಾದ ಒಂದು ತಾಳೆ ಯಾರು ಬೇಕಾದರೂ ಮಾಡಬಹುದು. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ 1,000 ಘನ ಮೀಟರ್. ಸೆಕೆಂಡಿಗೆ ಒಂದು ಘನ ಮೀಟರ್ ಹರಿವು ಎಂದರೆ ದಿನಕ್ಕೆ 86,400 ಘನ ಮೀಟರ್. 2,000 ಚದರ ಕಿಲೋಮೀಟರ್ ಜಲಾನಯನದಿಂದ ವರ್ಷವಿಡೀ ಸರಾಸರಿ 10 ಘನ ಮೀಟರ್ ಹರಿದರೆ ಅದು ಸುಮಾರು 158 ಮಿಲಿಮೀಟರ್ ಆಳದ ನೀರಾಯಿತು. ಅಲ್ಲಿ ಬಿದ್ದ ಮಳೆ 900 ಮಿಲಿಮೀಟರ್ ಆದರೆ ಹರಿವಿನ ಪಾಲು ಶೇ 17–18. ಪ್ರತಿ ವರ್ಷಕ್ಕೂ ಹೀಗೆ ಲೆಕ್ಕ ಹಾಕಿ ಒಂದು ಕಾಗದದಲ್ಲಿ ಚುಕ್ಕಿ ಇಡಿ. ಯಾವುದೋ ಒಂದು ವರ್ಷದಿಂದ ಚುಕ್ಕಿಗಳು ದಿಢೀರನೆ ಬೇರೆ ಗುಂಪಿಗೆ ಜಿಗಿದರೆ ಅನುಮಾನಿಸಬೇಕಾದ್ದು ಮೊದಲು ಗೇಜನ್ನು, ಅದರ ಶೂನ್ಯ ಮಟ್ಟವನ್ನು, ಮೇಲ್ದಂಡೆಯಲ್ಲಿ ಎದ್ದ ಹೊಸ ಕಟ್ಟೆಯನ್ನು. ಹವಾಮಾನದ ಹೆಸರು ಆಮೇಲೆ ಬರಲಿ.

ಮೇಲ್ದಂಡೆಯ ಬಳಕೆಯನ್ನು ಸೇರಿಸಿ ‘ಸಹಜ ಹರಿವು’ ಕಟ್ಟುವ ಕೆಲಸವೂ ಇಲ್ಲೇ ಬರುತ್ತದೆ. ಅಳೆದ ಹರಿವಿಗೆ ಎತ್ತಿದ ನೀರನ್ನು ಕೂಡಿಸಬೇಕು, ಮರಳಿ ಬಂದದ್ದನ್ನು ಕಳೆಯಬೇಕು, ಜಲಾಶಯದ ಸಂಗ್ರಹದಲ್ಲಾದ ಏರಿಳಿತವನ್ನೂ ಆವಿಯಾದದ್ದನ್ನೂ ಸೇರಿಸಬೇಕು, ಬೇರೆ ಕಣಿವೆಯಿಂದ ತಂದ ನೀರಿದ್ದರೆ ಅದನ್ನು ಕಳೆಯಬೇಕು. ಎತ್ತಿದ ನೀರಿನ ಲೆಕ್ಕ ಹೆಚ್ಚಿನ ಕಡೆ ಮಂಜೂರಾತಿಯ ಪತ್ರದಿಂದ ಬರುತ್ತದೆ, ಪಂಪಿನ ಮೀಟರಿನಿಂದಲ್ಲ. ಕಾಗದದ ಮೇಲಿನ ಹಂಚಿಕೆಯನ್ನು ನಿಜವಾದ ಬಳಕೆ ಎಂದು ಕೂಡಿಸಿಬಿಟ್ಟರೆ ನದಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಆ ದೊಡ್ಡ ನದಿಯಿಂದ ಇನ್ನೊಂದು ಹಂಚಿಕೆ ಹುಟ್ಟುತ್ತದೆ.

ದಾಖಲೆಯಲ್ಲಿ ಬಿಟ್ಟುಹೋದ ತಿಂಗಳುಗಳನ್ನು ಪಕ್ಕದ ಕೇಂದ್ರದ ಸಹಾಯದಿಂದ ರಿಗ್ರೆಷನ್ ಮೂಲಕ, ಎಂದರೆ ಎರಡು ಕೇಂದ್ರಗಳ ಸಂಬಂಧಕ್ಕೆ ಎಳೆದ ಗೆರೆಯಿಂದ, ತುಂಬುವುದು ರೂಢಿ. ಅದರಲ್ಲಿ ಒಂದು ಗುಟ್ಟಾದ ಮೋಸವಿದೆ. ಒಂದು ಕೇಂದ್ರದ ಏರಿಳಿತವನ್ನು ಇನ್ನೊಂದು ಎಷ್ಟು ವಿವರಿಸುತ್ತದೆ ಎಂದು ಹೇಳುವ ನಿರ್ಣಯ ಗುಣಾಂಕ (R²) 0.7 ಇದ್ದರೆ, ಗೆರೆಯ ಮೇಲೆಯೇ ಓದಿ ತುಂಬಿದ ಮೌಲ್ಯಗಳಲ್ಲಿ ನಿಜವಾದ ಏರಿಳಿತದ ವೇರಿಯನ್ಸ್ ಶೇ 70 ಮಾತ್ರ ಉಳಿಯುತ್ತದೆ. ಬರದ ವರ್ಷ ಅಷ್ಟೇನೂ ಬರವಾಗಿ ಕಾಣುವುದಿಲ್ಲ, ನೆರೆಯ ವರ್ಷ ಅಷ್ಟೇನೂ ನೆರೆಯಾಗಿ ಕಾಣುವುದಿಲ್ಲ. ಪರಿಹಾರ ಕಷ್ಟದ್ದಲ್ಲ: ಉಳಿಕೆಯ (ಗೆರೆಗೂ ನಿಜವಾದ ಅಳತೆಗೂ ಇರುವ ಅಂತರದ) ಹರವಿನಿಂದ ಯಾದೃಚ್ಛಿಕ ಅಂಶವನ್ನು ಸೇರಿಸಿ ಒಂದರ ಬದಲು ಹಲವು ಬಾರಿ ತುಂಬಬೇಕು, ತುಂಬಿದ ಮೌಲ್ಯಗಳಿಗೆ ಬೇರೆ ಗುರುತು ಹಾಕಬೇಕು. ಗುರುತಿಲ್ಲದೆ ತುಂಬಿದ ಕೋಷ್ಟಕವನ್ನು ನಾವು ದತ್ತಾಂಶವೆಂದು ಒಪ್ಪುವುದಿಲ್ಲ.

ಲಾಗರಿದಮ್‌ನದು ಇನ್ನೊಂದು ಬಲೆ. ಹರಿವಿನ ಲಾಗ್ ತೆಗೆದು ಮಾದರಿ ಕೂರಿಸಿ, ಕೊನೆಗೆ ಘಾತ ತೆಗೆದು ಹಿಂತಿರುಗಿದರೆ ಸಿಗುವುದು ಮಧ್ಯಾಂಕ, ಸರಾಸರಿಯಲ್ಲ. ಲಾಗ್ ಅಳತೆಯಲ್ಲಿ ಉಳಿಕೆಯ ಪ್ರಮಾಣ ವಿಚಲನೆ 0.5 ಇದ್ದರೆ ಸರಾಸರಿ ಅದಕ್ಕಿಂತ ಶೇ 13ರಷ್ಟು ಹೆಚ್ಚು, 0.8 ಇದ್ದರೆ ಶೇ 38ರಷ್ಟು ಹೆಚ್ಚು. ಬತ್ತುವ ಹೊಳೆಗಳಲ್ಲಿ ಸೊನ್ನೆಯ ಲಾಗ್ ಇಲ್ಲವೆಂದು ಯಾವುದೋ ಪುಟ್ಟ ಸಂಖ್ಯೆಯನ್ನು ಕೂಡಿಸಿಬಿಡುವ ಅಭ್ಯಾಸವಿದೆ. ಆ ಪುಟ್ಟ ಸಂಖ್ಯೆಯನ್ನು ಬದಲಿಸಿದರೆ ಫಲಿತಾಂಶವೂ ಬದಲಾಗುತ್ತದೆ. ನೀರು ಹರಿಯುತ್ತದೆಯೇ ಎಂಬುದಕ್ಕೆ ಒಂದು ಮಾದರಿ, ಹರಿದರೆ ಎಷ್ಟು ಎಂಬುದಕ್ಕೆ ಇನ್ನೊಂದು, ಹೀಗೆ ಎರಡು ಹಂತ ಮಾಡುವುದೇ ಸರಿಯಾದ ದಾರಿ.

ಈಗ ನಿಮ್ಮ ಸಹಿಗೆ ಹತ್ತಿರದ ವಿಷಯ: ‘ಶೇ 75 ಭರವಸೆಯ ಹರಿವು’, ‘ಶೇ 90 ಭರವಸೆಯ ಹರಿವು’ ಎಂಬ ಮಾತುಗಳು, ಎಂದರೆ ನೂರರಲ್ಲಿ 75 ಅಥವಾ 90 ವರ್ಷ ಇಷ್ಟಾದರೂ ನೀರು ಹರಿಯುತ್ತದೆ ಎಂಬ ಲೆಕ್ಕ. ವಾರ್ಷಿಕ ಹರಿವುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಸ್ಥಾನಸಂಖ್ಯೆಯನ್ನು ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸುತ್ತಾರೆ. 30 ವರ್ಷಗಳ ದಾಖಲೆಯಲ್ಲಿ ಶೇ 90ರ ಸ್ಥಾನ 27.9. ಎಂದರೆ ಕೆಳಗಿನಿಂದ ಮೂರನೆಯ ವರ್ಷ. ಒಂದು ನಗರದ ಭವಿಷ್ಯ ಆ ಒಂದೇ ವರ್ಷದ ಅಳತೆಯ ಮೇಲೆ ನಿಂತಿದೆ, ಆ ವರ್ಷದ ಬೇಸಿಗೆಯಲ್ಲಿ ಗೇಜಿನ ಬುಡದಲ್ಲಿ ಮರಳಿತ್ತೋ ಇಲ್ಲವೋ ಯಾರಿಗೆ ಗೊತ್ತು.

ಸರಾಸರಿಯೂ ಅಂಥ ಗಟ್ಟಿಯೇನಲ್ಲ. 60 ವರ್ಷಗಳ ದಾಖಲೆ, ವ್ಯತ್ಯಯ ಗುಣಾಂಕ (ಪ್ರಮಾಣ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದ್ದು) 0.4 ಎಂದರೆ ಸರಾಸರಿಯ ಪ್ರಮಾಣ ದೋಷ ಸುಮಾರು ಶೇ 5. ಆದರೆ ಒಂದು ವರ್ಷದ ಹರಿವಿಗೂ ಮುಂದಿನ ವರ್ಷದ ಹರಿವಿಗೂ 0.3ರ ಸಹಸಂಬಂಧವಿದ್ದರೆ ಆ 60 ವರ್ಷಗಳು ಸುಮಾರು 32 ಸ್ವತಂತ್ರ ವರ್ಷಗಳಷ್ಟೇ ಮಾಹಿತಿ ಕೊಡುತ್ತವೆ. ದೋಷ ಶೇ 7ಕ್ಕೆ ಏರುತ್ತದೆ, ಶೇ 95 ವಿಶ್ವಾಸದ ಹರವು ಎರಡೂ ಕಡೆ ಶೇ 14ರಷ್ಟು. ಮೂರು ದಶಮಾಂಶ ಸ್ಥಾನಗಳವರೆಗೆ ಬರೆದ ಹರಿವಿನ ಅಂಕಿಯನ್ನು ಕಂಡಾಗ ಈ ಶೇ 14 ನೆನಪಾಗಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯನ್ನು ಅಳೆದದ್ದು ಯಾವ ವರ್ಷಗಳಲ್ಲಿ ಎಂದು ಕೇಳುವುದಿಲ್ಲ. ಅಮೆರಿಕದ ಕೊಲೊರಾಡೊ ನದಿಯಲ್ಲಿ ನಡೆದದ್ದು ಇದೇ. 1922ರ ಒಪ್ಪಂದ ನದಿಯ ಮೇಲಿನ ಮತ್ತು ಕೆಳಗಿನ ಕೊಳ್ಳಗಳಿಗೆ ತಲಾ 75 ಲಕ್ಷ ಎಕರೆ-ಅಡಿ (ಎಕರೆ-ಅಡಿ ಎಂದರೆ ಒಂದು ಎಕರೆ ಮೇಲೆ ಒಂದು ಅಡಿ ಆಳ ನಿಲ್ಲುವಷ್ಟು) ನೀರು ಹಂಚಿತು. 1944ರಲ್ಲಿ ಮೆಕ್ಸಿಕೊಗೆ ಇನ್ನೂ 15 ಲಕ್ಷ ಸೇರಿತು. ಹಂಚಿಕೆಗೆ ಆಧಾರವಾದ ಶತಮಾನದ ಮೊದಲ ವರ್ಷಗಳು ಅಸಾಮಾನ್ಯವಾಗಿ ನೀರಿದ್ದ ವರ್ಷಗಳಾಗಿದ್ದವು. 1976ರಲ್ಲಿ ಮರದ ವಾರ್ಷಿಕ ಉಂಗುರಗಳಿಂದ ಹಿಂದಿನ ಶತಮಾನಗಳ ಹರಿವನ್ನು ಮರುಕಟ್ಟಿದಾಗ ದೀರ್ಘಕಾಲದ ಸರಾಸರಿ ಸುಮಾರು 1 ಕೋಟಿ 35 ಲಕ್ಷ ಎಕರೆ-ಅಡಿ ಎಂದು ತೋರಿತು. 2000ರಿಂದ 2014ರವರೆಗಿನ ಹರಿವು 1906–1999ರ ಸರಾಸರಿಗಿಂತ ಸುಮಾರು ಶೇ 19ರಷ್ಟು ಕಡಿಮೆ. ಕಾಗದದಲ್ಲಿ ಹಂಚಿದ ನೀರು ನದಿಯಲ್ಲಿರುವ ನೀರಿಗಿಂತ ಹೆಚ್ಚು. ಆ ಲೆಕ್ಕ ತಪ್ಪಿದ್ದರ ಜಗಳ ನೂರು ವರ್ಷವಾದರೂ ಮುಗಿದಿಲ್ಲ.

ಭರವಸೆಯ ಶೇಕಡಾ ಲೆಕ್ಕದಲ್ಲಿ ಕಾಣದ ಇನ್ನೊಂದು ವಿಷಯ ವರ್ಷಗಳ ಸರದಿ. ಸರಾಸರಿ ಹರಿವು 100 ಇರುವ ನದಿಯಿಂದ ವರ್ಷಕ್ಕೆ 80 ತೆಗೆಯಬೇಕು ಎಂದುಕೊಳ್ಳಿ. ಹರಿವು 55ಕ್ಕೆ ಇಳಿಯುವ ನಾಲ್ಕು ವರ್ಷಗಳು ಬಿಡಿಬಿಡಿಯಾಗಿ ಬಂದರೆ ಪ್ರತಿ ಬಾರಿ ಬೇಕಾಗುವ ಸಂಗ್ರಹ 25. ಅದೇ ನಾಲ್ಕು ಒಂದರ ಹಿಂದೊಂದು ಬಂದರೆ ಬೇಕಾಗುವುದು 100, ಒಂದು ಇಡೀ ವರ್ಷದ ಹರಿವು, ಆವಿಯಾಗುವುದು ಬೇರೆ. ಎರಡೂ ಸರದಿಗಳ ಸರಾಸರಿ, ಪ್ರಮಾಣ ವಿಚಲನೆ, ಶೇ 75 ಭರವಸೆಯ ಹರಿವು ಎಲ್ಲವೂ ಒಂದೇ! ಹೆರಾಲ್ಡ್ ಎಡ್ವಿನ್ ಹರ್ಸ್ಟ್ ಎಂಬ ಜಲವಿಜ್ಞಾನಿ ನೈಲ್ ನದಿಯ ಸಂಗ್ರಹದ ಲೆಕ್ಕ ಮಾಡುತ್ತ 1951ರಲ್ಲಿ ತೋರಿಸಿದ್ದು ಇದನ್ನೇ. ದಾಖಲೆ ಉದ್ದವಾದಂತೆ ಬೇಕಾಗುವ ಸಂಗ್ರಹ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಅವರು ಒಂದು ಘಾತಾಂಕದಿಂದ ಅಳೆದರು. ವರ್ಷಗಳು ಪರಸ್ಪರ ಸ್ವತಂತ್ರವಾಗಿದ್ದರೆ ಅದು 0.5ರ ಹತ್ತಿರ ಇರಬೇಕಿತ್ತು, ನಿಸರ್ಗದ ದೀರ್ಘ ದಾಖಲೆಗಳಲ್ಲಿ ಅವರಿಗೆ ಸಿಕ್ಕ ಸರಾಸರಿ ಸುಮಾರು 0.73. ಬರ ಬರವನ್ನು ಕರೆಯುತ್ತದೆ, ತೇವ ತೇವವನ್ನು ಕರೆಯುತ್ತದೆ.

ಆದ್ದರಿಂದ ಒಂದು ಐತಿಹಾಸಿಕ ಸರಣಿಯನ್ನು ಜಲಾಶಯದ ಮಾದರಿಯಲ್ಲಿ ಒಮ್ಮೆ ಓಡಿಸಿ ‘ಸಾಕು’ ಎನ್ನುವುದು ಸಾಲದು. ಅದೇ ಗುಣಲಕ್ಷಣಗಳಿರುವ ಸಾವಿರ ಕೃತಕ ಸರಣಿಗಳನ್ನು ಹುಟ್ಟಿಸಿ ಓಡಿಸಬೇಕು. ಅದನ್ನೂ ಕಣ್ಣು ತೆರೆದು ಮಾಡಬೇಕು. 1960ರ ದಶಕದಿಂದ ಬಳಕೆಯಲ್ಲಿರುವ ಥಾಮಸ್–ಫೈರಿಂಗ್ ಮಾದರಿ ತಿಂಗಳಿಂದ ತಿಂಗಳಿಗೆ ಸಂಬಂಧವನ್ನು ಚೆನ್ನಾಗಿ ಉಳಿಸುತ್ತದೆ, ವರ್ಷದಿಂದ ವರ್ಷಕ್ಕೆ ಹಬ್ಬುವ ಬರವನ್ನು ತೆಳುವಾಗಿಸುತ್ತದೆ. ಆಗಿನ ಸ್ಥಿತಿಯನ್ನು ಹೋಲುವ ವರ್ಷಗಳನ್ನು ದಾಖಲೆಯಿಂದ ಆಯ್ದು ಜೋಡಿಸುವ ಮರುಮಾದರಿ ವಿಧಾನ ಯಾವ ವಿತರಣೆಯನ್ನೂ ಊಹಿಸದು ನಿಜ, ಆದರೆ ದಾಖಲೆಯಲ್ಲಿಲ್ಲದ ಕೆಟ್ಟ ತಿಂಗಳು ಅದರಿಂದ ಹುಟ್ಟುವುದೇ ಇಲ್ಲ. ಮೊದಲು ವಾರ್ಷಿಕ ಹರಿವನ್ನು ಹುಟ್ಟಿಸಿ ಆಮೇಲೆ ತಿಂಗಳುಗಳಿಗೆ ಹಂಚುವುದು ನಮ್ಮ ಒಲವು. ಯಾವ ವಿಧಾನವಾದರೂ ಸರಿ, ಕೃತಕ ಸರಣಿಯ ಸರಾಸರಿ ಹೊಂದಿತೇ ಎಂದಷ್ಟೇ ನೋಡಬೇಡಿ. ಸತತ 3, 5, 10 ವರ್ಷಗಳ ಕನಿಷ್ಠ ಮೊತ್ತಗಳು ನಿಜವಾದ ದಾಖಲೆಯೊಂದಿಗೆ ಹೊಂದುತ್ತವೆಯೇ ಎಂದು ಕೇಳಿ. ಎರಡು ನದಿಗಳನ್ನು ಜೋಡಿಸುವ ಯೋಜನೆಯಾದರೆ ಎರಡೂ ಒಟ್ಟಿಗೆ ಬತ್ತುವ ಸಂಭವ ಎಷ್ಟು ಎಂಬುದನ್ನೂ. ಒಂದೊಂದು ನದಿಯನ್ನು ಪ್ರತ್ಯೇಕವಾಗಿ ಹುಟ್ಟಿಸಿದ ಸರಣಿಗಳಲ್ಲಿ ಒಂದು ಬತ್ತಿದಾಗ ಇನ್ನೊಂದು ಕೈಹಿಡಿಯುತ್ತದೆ, ಹೊರಗೆ ಆಕಾಶ ಒಂದೇ.

ಹವಾಮಾನದ ಮಾತಿಗೆ ಬರೋಣ. ‘ಮಳೆ ಶೇ 10 ಕಡಿಮೆಯಾದರೆ ಹರಿವೂ ಶೇ 10 ಕಡಿಮೆ’ ಎಂಬ ಲೆಕ್ಕ ಇಂದಿಗೂ ವರದಿಗಳಲ್ಲಿ ಕಾಣುತ್ತದೆ. ನೆಲ ಮತ್ತು ಗಿಡಮರಗಳು ತಮ್ಮ ಪಾಲನ್ನು ಮೊದಲು ತೆಗೆದುಕೊಳ್ಳುತ್ತವೆ, ನದಿಗೆ ಸಿಗುವುದು ಮಿಕ್ಕದ್ದು. ವರ್ಷಕ್ಕೆ 1,000 ಮಿಲಿಮೀಟರ್ ಮಳೆ, 1,400 ಮಿಲಿಮೀಟರ್ ಆವಿಯಾಗಿಸಬಲ್ಲ ಬಿಸಿಲುಗಾಳಿ ಇರುವ ಕಣಿವೆಯೊಂದಕ್ಕೆ ಮಳೆ ಮತ್ತು ಆವಿಯ ಬೇಡಿಕೆಯಿಂದ ಹರಿವನ್ನು ಅಂದಾಜಿಸುವ ಟರ್ಕ್–ಪೈಕ್ ಸಮೀಕರಣ ಹಾಕಿ ನೋಡಿ: ಹರಿವು 186 ಮಿಲಿಮೀಟರ್. ಮಳೆಯನ್ನು 900ಕ್ಕೆ ಇಳಿಸಿದರೆ ಹರಿವು 143, ಅಂದರೆ ಶೇ 23 ಇಳಿಕೆ. ಜೊತೆಗೆ ಆವಿಯ ಬೇಡಿಕೆ ಶೇ 5 ಏರಿದರೆ ಹರಿವು 132, ಇಳಿಕೆ ಶೇ 29. ಇದು ಕೈಲೆಕ್ಕ, ವಿನ್ಯಾಸಕ್ಕೆ ಸಾಲದು. ದೊಡ್ಡ ಮಾದರಿಯ ಫಲಿತಾಂಶ ಇದರಿಂದ ತೀರಾ ದೂರ ಹೋದರೆ ಏಕೆಂದು ಕೇಳಲು ಸಾಕು.

ಈ ಕೈಲೆಕ್ಕವೂ ಹಿಡಿಯದ ಸಂಗತಿಗಳಿವೆ. ಆಸ್ಟ್ರೇಲಿಯಾದ ನೈರುತ್ಯ ಮೂಲೆಯ ಪರ್ತ್ ನಗರದ ಸುತ್ತ 1970ರ ದಶಕದ ಮಧ್ಯದಿಂದ ಮಳೆ ಶೇ 15–20ರಷ್ಟು ಇಳಿದರೆ, ಅಣೆಕಟ್ಟೆಗಳ ಒಳಹರಿವು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಅಂತರ್ಜಲ ಕುಸಿದು ಹೊಳೆಯ ತಳದಿಂದ ಕಳಚಿಕೊಂಡಿತು. ಮೊದಲು ಹೊಳೆಗೆ ನೀರು ಕೊಡುತ್ತಿದ್ದ ನೆಲ ಈಗ ಹೊಳೆಯ ನೀರನ್ನೇ ಕುಡಿಯುತ್ತದೆ. ಅದೇ ದೇಶದ ವಿಕ್ಟೋರಿಯಾ ರಾಜ್ಯದಲ್ಲಿ 1997–2009ರ ದೀರ್ಘ ಬರದಲ್ಲಿ ಅನೇಕ ಕಣಿವೆಗಳು ಅಷ್ಟೇ ಮಳೆಗೆ ಮೊದಲಿಗಿಂತ ಕಡಿಮೆ ನೀರು ಕೊಡತೊಡಗಿದವು. ಬರ ಮುಗಿದ ಎಷ್ಟೋ ವರ್ಷಗಳ ನಂತರವೂ ಅವುಗಳಲ್ಲಿ ಕೆಲವು ಹಳೆಯ ಸ್ಥಿತಿಗೆ ಮರಳಿರಲಿಲ್ಲ. ತೇವದ ದಶಕಗಳಲ್ಲಿ ಕೂರಿಸಿದ ಮಳೆ–ಹರಿವಿನ ಮಾದರಿಗೆ ಇದೊಂದೂ ಗೊತ್ತಿರುವುದಿಲ್ಲ.

ಅದಕ್ಕಾಗಿಯೇ ಪರೀಕ್ಷೆಯ ಬಗ್ಗೆ ನಾವು ಹಟ ಹಿಡಿಯುವುದು. ವರದಿಯಲ್ಲಿ ‘ನ್ಯಾಶ್–ಸಟ್‌ಕ್ಲಿಫ್ ದಕ್ಷತೆ 0.82’ ಎಂದು ಬರೆದಿರುತ್ತಾರೆ, ಓದಿದವರು ತಲೆದೂಗುತ್ತಾರೆ. ಮಾದರಿ ಅಳೆದ ಹರಿವಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ 1970ರ ಈ ಅಂಕದಲ್ಲಿ ಒಂದು ಎಂದರೆ ಪೂರ್ತಿ ಹೊಂದಿಕೆ, ಸೊನ್ನೆ ಎಂದರೆ ಮಾದರಿಯು ಬರಿಯ ಸರಾಸರಿಯಷ್ಟೇ ಚೆನ್ನಾಗಿದೆ ಎಂದರ್ಥ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವ ನದಿಗೆ ವಾರ್ಷಿಕ ಸರಾಸರಿ ತೀರಾ ದುರ್ಬಲ ಎದುರಾಳಿ. ಪ್ರತಿ ತಿಂಗಳಿಗೂ ಆ ತಿಂಗಳ ಹಳೆಯ ಸರಾಸರಿಯನ್ನೇ ಮುನ್ಸೂಚನೆಯಾಗಿ ಕೊಟ್ಟರೂ ಅಂಕ ಸೊನ್ನೆಗಿಂತ ಬಹಳ ಮೇಲೇರುತ್ತದೆ. ಈ ತಿಂಗಳ ಸರಾಸರಿಯನ್ನು ಮಾದರಿ ಎಷ್ಟು ಮೀರಿಸಿತು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಇನ್ನೊಂದು ಅಂಕವಾದ ಕ್ಲಿಂಗ್–ಗುಪ್ತಾದಲ್ಲಿ ಸರಾಸರಿಗೆ ಸಮವಾದ ಬಿಂದು ಸೊನ್ನೆಯಲ್ಲ, −0.41. ಎರಡೂ ಅಂಕಗಳನ್ನು ಒಂದೇ ಅಳತೆಗೋಲಿನಂತೆ ಓದುವವರು ಕಡಿಮೆಯೇನಿಲ್ಲ. ಜೊತೆಗೆ ವರ್ಗ ಮಾಡಿದ ದೋಷಗಳು ನೆರೆಯ ದಿನಗಳನ್ನೇ ಎತ್ತಿ ಹಿಡಿಯುವುದರಿಂದ ಬೇಸಿಗೆಯ ಹರಿವು ಇಮ್ಮಡಿ ತಪ್ಪಿದರೂ ಅಂಕ ಅಲುಗುವುದಿಲ್ಲ.

ಜಲವಿಜ್ಞಾನಿ ವೀಟ್ ಕ್ಲೆಮೆಶ್ 1986ರಲ್ಲೇ ಸೂಚಿಸಿದ ಪರೀಕ್ಷೆ ಹವಾಮಾನದ ಯೋಜನೆಗೆ ಇಂದಿಗೂ ಅತ್ಯಂತ ಪ್ರಾಮಾಣಿಕವಾದದ್ದು. ಮಾದರಿಯನ್ನು ತೇವದ ವರ್ಷಗಳ ಮೇಲೆ ಮಾತ್ರ ಕೂರಿಸಿ, ಬರದ ವರ್ಷಗಳನ್ನು ಊಹಿಸಲು ಬಿಡಿ. ಆಮೇಲೆ ತಿರುಗಿಸಿ ಮಾಡಿ. ಬರದ ವರ್ಷಗಳ ಒಟ್ಟು ನೀರನ್ನು ಅದು ಶೇ 30ರಷ್ಟು ಹೆಚ್ಚಾಗಿ ಊಹಿಸಿದರೆ, ಒಣಗುವ ಭವಿಷ್ಯಕ್ಕೆ ಅದರ ಮಾತು ಎಷ್ಟು ನಂಬಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೂರಾರು ಜಲಾನಯನಗಳ ಮೇಲೆ ಒಟ್ಟಿಗೆ ತರಬೇತಿ ಪಡೆದ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಗಳು ಈಚಿನ ವರ್ಷಗಳಲ್ಲಿ ಹಳೆಯ ಮಾದರಿಗಳನ್ನು ಚೆನ್ನಾಗಿಯೇ ಸೋಲಿಸಿವೆ. ಅವುಗಳಿಗೂ ಇದೇ ಪರೀಕ್ಷೆ ಇರಲಿ, ರಿಯಾಯಿತಿ ಬೇಡ.

ಜಾಗತಿಕ ಹವಾಮಾನ ಮಾದರಿಗಳಿಂದ ಮಳೆ ತರುವಾಗ ಆಗುವ ತಪ್ಪುಗಳಲ್ಲಿ ಎರಡನ್ನಷ್ಟೇ ಹೇಳುತ್ತೇವೆ. ಇಪ್ಪತ್ತು ಮಾದರಿಗಳ ಮಳೆಯನ್ನು ಮೊದಲೇ ಸರಾಸರಿ ಮಾಡಿ ಹರಿವಿನ ಮಾದರಿಗೆ ಕೊಡುವುದು ಮೊದಲನೆಯದು. ಒಂದೊಂದು ಮಾದರಿಯ ಬರ ಒಂದೊಂದು ವರ್ಷದಲ್ಲಿ ಬೀಳುತ್ತದೆ, ಸರಾಸರಿಯಲ್ಲಿ ಬರವೆಂಬುದೇ ಕರಗಿಹೋಗಿ ಪ್ರತಿ ವರ್ಷವೂ ಸಾಧಾರಣ ವರ್ಷವಾಗುತ್ತದೆ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಜಲಾಶಯದ ಲೆಕ್ಕದ ತುದಿಯವರೆಗೆ ಓಡಿಸಿ, ಆಮೇಲಷ್ಟೇ ಕೂಡಿಸಬೇಕು. ಎರಡನೆಯದು, ತಾಪಮಾನವೊಂದರಿಂದಲೇ ಆವಿಯ ಬೇಡಿಕೆ ಅಂದಾಜಿಸುವ ಥಾರ್ನ್‌ತ್‌ವೇಟ್‌ನಂಥ ಸೂತ್ರಗಳು. ಬಿಸಿಯಾಗುವ ಭವಿಷ್ಯದಲ್ಲಿ ಅವು ಆವಿಯನ್ನು ಅತಿಯಾಗಿ ಹೆಚ್ಚಿಸುತ್ತವೆ. ವಿಕಿರಣ, ಗಾಳಿ, ಆರ್ದ್ರತೆಗಳನ್ನೂ ಕೇಳುವ ಪೆನ್‌ಮನ್–ಮಾಂಟೀತ್ ಬಳಸಲಿ.

ಇದಕ್ಕೆ ವಿರುದ್ಧ ದಿಕ್ಕಿನ ಅತಿಯೂ ಇದೆ. 30 ವರ್ಷಗಳ ಹರಿವಿಗೆ ಒಂದು ಇಳಿಯುವ ಗೆರೆ ಎಳೆದು 2070ರವರೆಗೆ ಚಾಚಿದರೆ ನದಿ ಕಾಗದದ ಮೇಲೆ ಬತ್ತಿಯೇ ಹೋಗುತ್ತದೆ. ವರ್ಷಗಳ ನಡುವೆ ಸಹಸಂಬಂಧವಿರುವಾಗ ಏರಿಕೆ ಇಳಿಕೆಯ ಪ್ರವೃತ್ತಿ ಇದೆಯೇ ಎಂದು ನೋಡುವ ಸಾಮಾನ್ಯ ಮ್ಯಾನ್–ಕೆಂಡಾಲ್ ಪರೀಕ್ಷೆ ಎಷ್ಟೋ ಬಾರಿ ಇಲ್ಲದ ಇಳಿಜಾರನ್ನೂ ಇದೆ ಎನ್ನುತ್ತದೆ. ಕಾಲವನ್ನೇ ಕಾರಣವಾಗಿಸುವ ಮಾದರಿಗಿಂತ ಮಳೆ, ಆವಿಯ ಬೇಡಿಕೆ, ಅಂತರ್ಜಲದ ಮಟ್ಟ, ನೀರೆತ್ತುವಿಕೆಗಳನ್ನು ಕಾರಣವಾಗಿಟ್ಟ ಮಾದರಿಯನ್ನು ನಾವು ನಂಬುತ್ತೇವೆ.

ಹಾಗಾದರೆ ಸಮಾಲೋಚಕರ ಕರಾರಿನಲ್ಲಿ ಏನು ಬರೆಯಬೇಕು? ಕಚ್ಚಾ ಗೇಜ್ ಮಟ್ಟಗಳು, ಎಲ್ಲ ನೇರ ಅಳತೆಗಳು ಮತ್ತು ಪ್ರತಿ ರೇಟಿಂಗ್ ಕರ್ವ್‌ನ ಜಾರಿಯ ಅವಧಿ, ಇವಿಷ್ಟೂ ವರದಿಯ ಜೊತೆ ಬರಬೇಕು, ಗಣಕ ಓದಬಲ್ಲ ರೂಪದಲ್ಲಿ. ಸ್ಕ್ಯಾನ್ ಮಾಡಿದ ಚಿತ್ರಗಳು ಬೇಡ. ತುಂಬಿದ ಮೌಲ್ಯಗಳಿಗೆ ಗುರುತು ಇರಬೇಕು. ತೇವ–ಬರದ ಅದಲುಬದಲು ಪರೀಕ್ಷೆಯ ಫಲಿತಾಂಶ, ಬರದ ವರ್ಷಗಳ ಒಟ್ಟು ನೀರಿನ ದೋಷ ಎಷ್ಟು ಶೇಕಡಾ ಎಂಬ ರೂಪದಲ್ಲಿ, ಮೊದಲ ಪುಟದಲ್ಲೇ ಇರಬೇಕು. ನದಿಯಿಂದ ಸಿಗುವ ನೀರನ್ನು ಶೇ 5, 50, 95ರ ಮೂರು ಮೌಲ್ಯಗಳಾಗಿ ಕೊಡಬೇಕು, ಕೆಳಗಿನ ಮೌಲ್ಯಕ್ಕೆ ಯೋಜನೆ ತಾಳುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ಬರೆಯಬೇಕು. ಗೇಜ್ ಇಲ್ಲದ ಸ್ಥಳಕ್ಕೆ ಪಕ್ಕದ ಕೇಂದ್ರದ ಹರಿವನ್ನು ವಿಸ್ತೀರ್ಣದ ಅನುಪಾತದಿಂದ ತಂದಿದ್ದರೆ ಅನುಪಾತ 0.5ರಿಂದ 1.5ರ ಒಳಗಿದೆಯೇ ನೋಡಿ. ಅದಕ್ಕೂ ಹೊರಗಿದ್ದರೆ ಕಾಮಗಾರಿಗೆ ಮೊದಲು ಅಲ್ಲೊಂದು ಗೇಜ್ ಹಾಕಿಸಿ. ಎರಡು ಮಳೆಗಾಲಗಳ ನೇರ ಅಳತೆಯೂ ಬರಿಯ ಅನುಪಾತಕ್ಕಿಂತ ಮೇಲು, ಏಕೆಂದರೆ ಅಷ್ಟರಲ್ಲಿ ಪಕ್ಕದ ಕೇಂದ್ರದ ದೀರ್ಘ ದಾಖಲೆಗೆ ಅದನ್ನು ಜೋಡಿಸುವ ಸಂಬಂಧವಾದರೂ ಸಿಕ್ಕಿರುತ್ತದೆ.

ಮತ್ತೆ, ಐದು ವರ್ಷಕ್ಕೊಮ್ಮೆ ಈ ಲೆಕ್ಕವನ್ನು ಹೊಸ ದತ್ತಾಂಶದೊಂದಿಗೆ ಮರಳಿ ಮಾಡುವ ಷರತ್ತನ್ನು ಹಂಚಿಕೆಯ ಆದೇಶದಲ್ಲೇ ಸೇರಿಸಿ. ಹಂಚಿಕೆಯನ್ನು ಘನ ಮೀಟರ್‌ಗಳಲ್ಲಿ ಕಟ್ಟಿಹಾಕದೆ, ಆ ವರ್ಷ ನಿಜವಾಗಿ ಹರಿದ ನೀರಿನ ಪಾಲಾಗಿ ಬರೆಯಲು ಸಾಧ್ಯವಿರುವಲ್ಲಿ ಹಾಗೆಯೇ ಬರೆಯಿರಿ.

ಇತಿ,
ನದಿ ಹರಿವಿನ ಅಂಕಿಅಂಶಗಳ ಮೇಲೆ ಕೆಲಸ ಮಾಡುವವರು